ಆಯುಧಪೂಜೆ ಆದಮೇಲಿನ ಟೆಸ್ಟಿಂಗ್

ಹೆಬ್ಬಾಳದ ಒಂದು ಸಣ್ಣ ಕಾರ್ಖಾನೆಯಲ್ಲಿ ಗೀಸರ್ ಕಾಯಿಲುಗಳನ್ನು ಪರೀಕ್ಷೆ ಮಾಡುವುದು ನನ್ನ ಕೆಲಸ. ಕಾಯಿಲನ್ನು ನೀರಿನ ಡ್ರಮ್ಮಿನಲ್ಲಿ ಮುಳುಗಿಸಿ, ಎರಡು ತುದಿಗೂ ಕ್ಲಿಪ್ ಕಚ್ಚಿಸಿ, ಮೀಟರ್ ಓದುತ್ತೇನೆ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ, ಎರಡನ್ನೂ ಗುಣಿಸಿದರೆ ವ್ಯಾಟ್. ಇನ್ನೂರ ಮೂವತ್ತು ವೋಲ್ಟಿಗೆ ಎಂಟೂಮುಕ್ಕಾಲು ಆಂಪಿಯರ್ ಹರಿದರೆ ಎರಡು ಸಾವಿರ ವ್ಯಾಟ್ ಆಯಿತು, ಪಾಸು. ಇಷ್ಟಕ್ಕೆ ಡಿಪ್ಲೊಮಾ ಬೇಕಾ ಎಂದು ನಮ್ಮಮ್ಮ ಕೇಳುತ್ತಾಳೆ. ಬೇಕು ಎಂದೇ ನಾನು ಹೇಳುವುದು.

ಆ ವರ್ಷ ದಸರಾ ರಜೆ ಮುಗಿಸಿ ಬಂದ ಬೆಳಿಗ್ಗೆ ಮೊದಲು ಬಂದದ್ದು ಅಕ್ಕನ ಕಾಯಿಲುಗಳು. ಅಕ್ಕ ಎಂದರೆ ತಂತಿ ಸುತ್ತುವ ವಿಭಾಗದ ಹೆಂಗಸು, ನನಗಿಂತ ಹಿರಿಯಳು, ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಕಾಂಟ್ರ್ಯಾಕ್ಟಿನಲ್ಲೇ ಸವೆದಿದ್ದಳು. ಈ ಲಾಟು ಪಾಸಾದರೆ ಕಾಯಂ, ಇಲ್ಲವಾದರೆ ಮನೆಗೆ ಎಂದು ಸೂಪರ್‌ವೈಸರ್ ಹೇಳಿಯಾಗಿತ್ತು.

ಮೊದಲ ಕಾಯಿಲಿಗೆ ಮುಳ್ಳು ಎಂಟಕ್ಕೇ ನಿಂತಿತು. ಇಪ್ಪತ್ತಾರು ಓಮ್ ಇರಬೇಕಾದ ಕಡೆ ಇಪ್ಪತ್ತೊಂಬತ್ತು. ವ್ಯಾಟ್ ಸಾವಿರದ ಎಂಟುನೂರು ಚಿಲ್ಲರೆ, ಫೇಲು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ.

"ಏನ್ರೀ, ಹಬ್ಬದೂಟ ಉಂಡು ಕೈ ಕೆಟ್ಟೋಯ್ತಾ?" ಎಂದರು ಸೂಪರ್‌ವೈಸರ್. ಅಕ್ಕ ಸೆರಗಿನ ತುದಿಯನ್ನು ಹಿಂಡುತ್ತಾ ನಿಂತಿದ್ದಳು.

ನನಗೆ ರೇಗಿತು. ಕೈ ತಪ್ಪಿದರೆ ಒಂದು ಹೆಚ್ಚು ಒಂದು ಕಮ್ಮಿ ಬರಬೇಕು. ಎಲ್ಲದರಲ್ಲೂ ಅದೇ ಎರಡು ಮೂರು ಓಮ್ ಜಾಸ್ತಿ ಬಂದರೆ ತಪ್ಪು ಕಾಯಿಲಿನದಲ್ಲ. "ಸುಮ್ನಿರಿ ಸಾರ್ ಒಂದ್ನಿಮಿಷ" ಎಂದು ಸ್ವಿಚ್ ಆರಿಸಿ ಕ್ಲಿಪ್ ಹಿಡಿದೆ. ಅಯ್ಯಪ್ಪ! ಬೆರಳು ಚುರ್ರೆಂದಿತು. ನೀರೊಳಗೆ ಕಾಯಿಲು ಕಾಯಬೇಕು, ಕ್ಲಿಪ್ಪಲ್ಲ. ಆರಿದ ಮೇಲೆ ಕ್ಲಿಪ್ಪಿನ ಬಾಯಿ ಅಗಲಿಸಿ ನೋಡಿದರೆ ಒಳಗೆ ಒಣಗಿದ ಅರಿಶಿನ, ಕುಂಕುಮ, ಗಂಧ, ಗಾರೆ ಮೆತ್ತಿದ ಹಾಗೆ. ಕರೆಂಟು ಅದನ್ನು ದಾಟಿ ಹೋಗಲು ಒದ್ದಾಡುತ್ತಿತ್ತು.

"ಯಾರ್ರೀ ಇದನ್ನ ಮೆತ್ತಿದ್ದು?" ಎಂದು ಸೂಪರ್‌ವೈಸರ್ ಕೂಗಿದರು.

ಆಯುಧಪೂಜೆಯಲ್ಲಿ ಎಲ್ಲ ಮಿಷನ್ನಿಗೂ ಎಲ್ಲರೂ ಬೊಟ್ಟಿಡುತ್ತೇವೆ. ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಕ್ಕ ಮುಂದೆ ಬಂದಳು.

"ನಾನೇಯ ಸಾ. ಬ್ಯಾರೆ ಮಿಷನ್ಗೆಲ್ಲ ಒಂದೊಂದ್ ಬೊಟ್ಟು ಮಡಗ್ದೆ. ನನ್ ಅನ್ನ ಇರೋದು ಇದರ ಬಾಯಲ್ಲೇ ಅಲ್ವ್ರಾ, ಅದ್ಕೇ ವಸಿ ಜಾಸ್ತಿ ಹಚ್ಬುಟ್ಟೆ."

ಸೂಪರ್‌ವೈಸರ್ ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಸ್ಯಾಂಡ್‌ಪೇಪರ್ ಹಾಕಿ ಕ್ಲಿಪ್ಪನ್ನು ಹೊಳೆಯುವ ಹಾಗೆ ಉಜ್ಜಿದೆ. ಮತ್ತೆ ಕಚ್ಚಿಸಿದಾಗ ಮುಳ್ಳು ಎಂಟೂಮುಕ್ಕಾಲಕ್ಕೆ ಹೋಗಿ ನಿಂತಿತು. ಇಡೀ ಲಾಟಿನಲ್ಲಿ ಒಂದೂ ಫೇಲಾಗಲಿಲ್ಲ. ಸೂಪರ್‌ವೈಸರ್ ಅಲ್ಲೇ ನಿಂತು ಸಹಿ ಹಾಕಿದರು.

ಅಕ್ಕ ನನ್ನ ಎರಡೂ ಕೈ ಹಿಡಿದುಕೊಂಡಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ನೋಡ್ದಾ ಕಣವ್ವ, ಪೂಜೆ ಕೈ ಬುಡ್ನಿಲ್ಲ" ಎಂದಳು.

ನಾಲಿಗೆಯ ತುದಿಯಲ್ಲಿ ಇಡೀ ಡಿಪ್ಲೊಮಾ ಇತ್ತು. "ಹೂಂ ಅಕ್ಕ, ಬುಡ್ನಿಲ್ಲ" ಎಂದೆ.