ಅಪ್ಪನ ಕೈ, ಅಮ್ಮನ ಮಂಡಿ, ಕಾರಿನ ಬುಷ್

ನಮ್ಮಪ್ಪನಿಗೆ ಸಕಲ ರೋಗಗಳಿಗೂ ಒಂದೇ ಮದ್ದು ಗೊತ್ತಿತ್ತು: ಎಣ್ಣೆ. ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಯಂತ್ರಗಳ ಉಸ್ತುವಾರಿ ನೋಡಿಕೊಂಡು ನಿವೃತ್ತರಾದವರು. ಗೇಟು ಕಿರ್ರೆಂದರೆ ಎಣ್ಣೆ, ಫ್ಯಾನು ಗೊಣಗಿದರೆ ಎಣ್ಣೆ, ನಾನು ಪರೀಕ್ಷೆಯಲ್ಲಿ ಕಡಿಮೆ ಅಂಕ ತಂದರೆ ನನ್ನ ನೆತ್ತಿಗೂ ಎಣ್ಣೆ. ಅಮ್ಮನ ಮಂಡಿನೋವಿಗೆ ಹರಳೆಣ್ಣೆ ಬಿಸಿ ಮಾಡಿಕೊಂಡು ಅವಳ ಹಿಂದೆಯೇ ಸುತ್ತುತ್ತಿದ್ದರು. ಸೀರೆ ಜಿಡ್ಡಾಗುತ್ತದೆಂದು ಅಮ್ಮ ಹತ್ತಿರ ಸೇರಿಸುತ್ತಿರಲಿಲ್ಲ. ಹಾಗೆ ಉಳಿದ ಎಣ್ಣೆಯ ಉತ್ಸಾಹವೆಲ್ಲ ಕಾರಿನ ಮೇಲೆ ಹರಿಯಿತು.

ಕಾರನ್ನು ತೊಂಬತ್ತರ ದಶಕದ ಕೊನೆಯಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಕೊಂಡಿದ್ದರು. ದಸರೆಯಲ್ಲಿ ಊರಿಗೆ ಊರೇ ಆಯುಧಪೂಜೆಗೆ ಗಾಡಿ ತೊಳೆದು, ಹೂವಿನ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಸುಮ್ಮನಾಗುತ್ತದೆ. ನಮ್ಮ ಮನೆಯಲ್ಲಿ ಅದರ ಹಿಂದಿನ ದಿನ ಕಾರಿಗೆ ಅಭ್ಯಂಜನ ನಡೆಯುತ್ತಿತ್ತು. ಎಂಜಿನ್ನಿಂದ ಇಳಿಸಿದ ಹಳೆಯ ಆಯಿಲಿಗೆ ಸೀಮೆಎಣ್ಣೆ ಬೆರೆಸಿ, ಸೊಳ್ಳೆ ಔಷಧಿ ಹೊಡೆಯುವ ಪಂಪಿಗೆ ತುಂಬಿಕೊಂಡು, ಗೋಣಿಚೀಲ ಹಾಸಿ ಅಪ್ಪ ಕಾರಿನಡಿ ಸೇರುತ್ತಿದ್ದರು. ಶೆಡ್ಡಿನಲ್ಲಿ ಬಲಗಡೆ ಗೋಡೆ; ಡ್ರೈವರ್ ಬಾಗಿಲಿಂದ ಹೊಟ್ಟೆ ಒಳಗೆಳೆದುಕೊಂಡು ಇಳಿಯುವಷ್ಟು ಜಾಗ ಬಿಟ್ಟರೆ ಅಲ್ಲಿ ಮಲಗಲು ಆಗುತ್ತಿರಲಿಲ್ಲ. ಆದ್ದರಿಂದ ಅಭಿಷೇಕವೆಲ್ಲ ಎಡಗಡೆಗೇ. ಮರುದಿನ ಬಾನೆಟ್ಟಿಗೆ ಮೂರು ಗೆರೆ ವಿಭೂತಿ ಎಳೆದು, ಕಾರಿನಷ್ಟೇ ಮಿರಿಮಿರಿ ಮಿಂಚುತ್ತಾ ನಿಲ್ಲುತ್ತಿದ್ದರು.

ಆ ಕಾರಿನ ಮುಖ್ಯ ಕೆಲಸ ಒಂದೇ. ಶನಿವಾರ ಅಮ್ಮನನ್ನು ನಂಜನಗೂಡಿನ ಚಿಕ್ಕಮ್ಮನ ಮನೆಗೆ ಕರೆದೊಯ್ಯುವುದು. ಅಮ್ಮನ ಮಂಡಿಗೆ ಬಸ್ಸಿನ ಮೆಟ್ಟಿಲು ಹತ್ತುವ ಶಕ್ತಿ ಹೋಗಿತ್ತು. ವಾರವೆಲ್ಲ ಅಡುಗೆಮನೆಯಲ್ಲಿರುವ ಅಮ್ಮ ಅಲ್ಲಿ ತಂಗಿಯ ಜತೆ ಕಾಲು ಚಾಚಿ ಕೂತು, ಊರವರನ್ನೆಲ್ಲ ಆಡಿಕೊಂಡು, ಹತ್ತು ವರ್ಷ ಚಿಕ್ಕವಳಾಗಿ ವಾಪಸು ಬರುತ್ತಿದ್ದಳು.

ಒಂದು ಶನಿವಾರ ಹಿಂದಿರುಗುವಾಗ ಸ್ಟೀರಿಂಗ್ ನಡುಗತೊಡಗಿತು. ಊರೊಳಗೆ ಮೆಲ್ಲಗೆ ಹೋಗುವಾಗ ಏನೂ ಇಲ್ಲ. ವೇಗ ಅರವತ್ತು ದಾಟಿದರೆ ಮಾತ್ರ ಚಳಿಜ್ವರ ಬಂದವರಂತೆ ಗಡಗಡ. ಅಪ್ಪ ಕಾರನ್ನು ಪಕ್ಕಕ್ಕೆ ಹಾಕಿ, ಇಳಿದು, ಚಕ್ರಗಳನ್ನು ಒದ್ದು ನೋಡಿ, ಮತ್ತೆ ಹತ್ತಿ ನಿಧಾನವಾಗಿ ಮನೆ ಸೇರಿಸಿದರು. ಅಮ್ಮ ಇದನ್ನು ರಾತ್ರಿ ಊಟಕ್ಕೆ ಕೂತಾಗ ತಮಾಷೆಯಾಗಿ ವರ್ಣಿಸಿದಳು. ಅವಳು ಮಾಡಿದ ತಪ್ಪು ಅದೊಂದೇ. ಏಕೆಂದರೆ ಅಲ್ಲಿ ನನ್ನಣ್ಣನೂ ಕೂತಿದ್ದ.

ಅಣ್ಣ ಯಾವುದನ್ನೂ ತಮಾಷೆಯಾಗಿ ತೆಗೆದುಕೊಂಡವನಲ್ಲ. ಮರುದಿನವೇ ಕೀ ಇಸಿದುಕೊಂಡು ಊರೊಳಗೆ ಒಂದು ಸುತ್ತು ಹೊಡೆದು ಬಂದ. ಪೆಟ್ರೋಲ್ ಉಳಿಸುವ ವ್ರತ ಹಿಡಿದಿದ್ದ ಅವನು ಜನ್ಮದಲ್ಲಿ ನಲವತ್ತು ದಾಟಿದವನಲ್ಲ. ಸೈಕಲ್ಲಿನವರು ಅವನನ್ನು ಹಿಂದೆ ಹಾಕಿ, ತಿರುಗಿ ನೋಡಿ, ಮರುಗುತ್ತಿದ್ದರು.

“ಸ್ಟೀರಿಂಗ್ ಬಂಡೆ ಇದ್ದಂಗಿದೆ,” ಎಂದು ಬಂದು ಘೋಷಿಸಿದ. “ನಡುಗ್ತಿರೋದು ಗಾಡಿ ಅಲ್ಲ. ಅಪ್ಪನ ಕೈ.”

“ನನ್ನ ಕೈಯಾ?” ಎಂದು ಅಪ್ಪ ಎರಡೂ ಕೈ ಎತ್ತಿ ತೋರಿಸಿದರು. ಸಿಟ್ಟಿಗೆ ಅವು ಸ್ವಲ್ಪ ನಡುಗಿದವು. ಅಣ್ಣನಿಗೆ ಅಷ್ಟೇ ಸಾಕಾಯಿತು.

ನಮ್ಮ ಡಾಕ್ಟರ ಬಳಿಗೂ ಎಳೆದುಕೊಂಡು ಹೋದ. ಅವರು ಅಪ್ಪನ ಕೈಗಳನ್ನು ಮುಂದೆ ಚಾಚಿಸಿ, ಮೇಲೆ ಒಂದು ಹಾಳೆ ಇಟ್ಟರು. ಹಾಳೆ ಪಟಪಟ ಅಲುಗಿತು. “ನೋಡಿ!” ಎಂದ ಅಣ್ಣ.

“ಫ್ಯಾನ್ ಆಫ್ ಮಾಡಪ್ಪ,” ಎಂದರು ಡಾಕ್ಟರು. ಫ್ಯಾನ್ ನಿಂತಿತು, ಹಾಳೆಯೂ ನಿಂತಿತು. ಆದರೆ ಅಣ್ಣ ನಿಲ್ಲಲಿಲ್ಲ. ಇದು ವೇಗವಾಗಿ ಹೋಗುವಾಗ ಮಾತ್ರ ಬರುವ ನಡುಕವೆಂದು ಡಾಕ್ಟರಿಗೇ ಪಾಠ ಹೇಳಿದ. ಮುಂದಿನ ತಿಂಗಳಿಂದ ಕೀ ತನ್ನ ಬೀರುವಿನಲ್ಲಿರುತ್ತದೆ, ಅಮ್ಮನನ್ನು ನಂಜನಗೂಡಿಗೆ ತಾನೇ ಬಿಡುವಾದಾಗ ಕರೆದೊಯ್ಯುತ್ತೇನೆ ಎಂದು ತೀರ್ಪು ಕೊಟ್ಟ. ಅಣ್ಣನಿಗೆ ಬಿಡುವಾಗುವುದೆಂದರೆ ಏನೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಮ್ಮ ಒಳಗೆ ಹೋಗಿ ಪಾತ್ರೆಗಳನ್ನು ಜೋರಾಗಿ ಜೋಡಿಸತೊಡಗಿದಳು. ನನಗೆ ಅಣ್ಣನ ಮೇಲೆ ಬಂದ ಕೋಪ ಅಷ್ಟಿಷ್ಟಲ್ಲ.

ಉಳಿದ ದಿನಗಳಲ್ಲಿ ಅಪ್ಪ ಕಾರನ್ನು ನಜರ್‌ಬಾದಿನ ಗ್ಯಾರೇಜಿಗೆ ಹೊತ್ತು ತಿರುಗಿದರು. ಅಲ್ಲಿನ ಮೇಸ್ತ್ರಿ ಬಲು ಆತ್ಮವಿಶ್ವಾಸದ ಮನುಷ್ಯ. ಮೊದಲು “ಚಕ್ರ ಬ್ಯಾಲೆನ್ಸ್ ಇಲ್ಲ ಸಾರ್” ಎಂದು ಚಕ್ರಗಳಿಗೆ ಸೀಸದ ತುಂಡು ಬಡಿದ. ನಡುಕ ಕೊಂಚ ಕಡಿಮೆಯಾಗಿ ಮತ್ತೆ ಬಂತು. ಆಮೇಲೆ ಮುಂದಿನ ಟೈರು ಹಿಂದಕ್ಕೆ, ಹಿಂದಿನದು ಮುಂದಕ್ಕೆ. ಆಮೇಲೆ ಅಲೈನ್‌ಮೆಂಟ್. ಯಾವುದೂ ನಾಟದಿದ್ದಾಗ “ರೋಡೇ ಸರಿ ಇಲ್ಲ ಬುಡಿ ಸಾರ್” ಎಂದುಬಿಟ್ಟ. ಅಪ್ಪ ಮನೆಗೆ ಬಂದು ಇನ್ನೊಂದು ಪಂಪು ಎಣ್ಣೆ ಹೊಡೆದರು.

ಈ ನಡುವೆ ಅಮ್ಮ ಒಂದು ಮಾತು ಹೇಳುತ್ತಲೇ ಇದ್ದಳು. “ಬ್ರೇಕ್ ಹಾಕ್ದಾಗ ನನ್ನ ಪಾದದ ಕೆಳಗೆ ಟಕ್ ಅಂತದೆ ಕಣ್ರೀ.”

“ಅದು ನಿನ್ನ ಮಂಡಿ ಕಣಮ್ಮ,” ಎಂದ ಅಣ್ಣ. ಅಪ್ಪನೂ ತಲೆಯಾಡಿಸಿದರು. ಅಮ್ಮ ಕೂತೆದ್ದಾಗಲೆಲ್ಲ ಮಂಡಿ ಟಕ್ ಎನ್ನುವುದು ಬೀದಿಗೇ ಗೊತ್ತಿದ್ದ ವಿಷಯ. “ಅದಕ್ಕೇ ಹೇಳೋದು, ಹರಳೆಣ್ಣೆ ಹಚ್ಚಿಸ್ಕೋ ಅಂತ,” ಎಂದರು ಅಪ್ಪ.

ಅಲ್ಲಿಗೆ ನನ್ನ ತಾಳ್ಮೆ ಕೆಟ್ಟಿತು. ಕಾರಿಗೆ ಬಂದ ಕಾಯಿಲೆಗೆ ಒಬ್ಬರ ಕೈ, ಇನ್ನೊಬ್ಬರ ಮಂಡಿ ಕಾರಣವೆಂದು ಒಪ್ಪಿಕೊಂಡು ಕೂರುವ ಮನೆ ಇನ್ನೆಲ್ಲಾದರೂ ಇದೆಯೇ? “ಭಾನುವಾರ ಬೆಳಿಗ್ಗೆ ಎಲ್ಲರೂ ಹೋಗೋಣ. ಅಪ್ಪನೂ ಬೇಡ, ಅಣ್ಣನೂ ಬೇಡ, ನಾನು ಓಡಿಸ್ತೀನಿ,” ಎಂದೆ. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿತು, ಗೆಳತಿಯ ಕಾರಿನಲ್ಲಿ ಪಳಗಿದ್ದರೂ ಅಪ್ಪ ನನಗೆ ಕೀ ಮುಟ್ಟಿಸಿದವರಲ್ಲ. ಕೈ ಬದಲಾದರೆ ಗಾಡಿ ಕೆಡುತ್ತದೆಂಬ ನಂಬಿಕೆ. ಆ ಭಾನುವಾರ ಕೀಯನ್ನು ಹೆಣ್ಣು ಒಪ್ಪಿಸಿಕೊಡುವವರ ಮುಖ ಮಾಡಿಕೊಂಡು ನನ್ನ ಕೈಗಿಟ್ಟರು.

ಅಪ್ಪ ಪಕ್ಕದಲ್ಲಿ, ಅಮ್ಮನ ಸೀಟಿನಲ್ಲಿ, ಚಪ್ಪಲಿ ಬಿಚ್ಚಿ ಕೂತರು. ಅಮ್ಮನೂ ಅಣ್ಣನೂ ಹಿಂದೆ. ನಂಜನಗೂಡು ರಸ್ತೆಯಲ್ಲಿ ನಲವತ್ತು ದಾಟಿದ ಕೂಡಲೇ ಅಣ್ಣ ಮುಂದಿನ ಸೀಟು ಹಿಡಿದುಕೊಂಡ. ಐವತ್ತಕ್ಕೆ “ನಿಧಾನ ಕಣೇ” ಎಂದ. ಅರವತ್ತು ದಾಟಿದ್ದೇ ತಡ, ಸ್ಟೀರಿಂಗ್ ನನ್ನ ಮೂವತ್ತು ತುಂಬದ ಕೈಗಳನ್ನು ಹಿಡಿದು ಗಡಗಡ ಅಲ್ಲಾಡಿಸಿತು. ಬಳೆಗಳು ಝಲ್ಲೆಂದವು.

“ನಿನ್ನ ಕೈ ನಡುಗ್ತಿದೆ,” ಎಂದರು ಅಪ್ಪ, ಪರಮಾನಂದದಿಂದ.

ಖಾಲಿ ರಸ್ತೆ ನೋಡಿ ಬ್ರೇಕ್ ಒತ್ತಿದೆ. ಅಪ್ಪನ ಬರಿಗಾಲಿನ ಕೆಳಗೆ ಎಲ್ಲರಿಗೂ ಕೇಳುವಂತೆ ಟಕ್ ಎಂದಿತು. ಅಪ್ಪ ತಮ್ಮ ಮಂಡಿ ನೋಡಿಕೊಂಡರು. ಆಮೇಲೆ ಎಲ್ಲರೂ ತಿರುಗಿ ಅಮ್ಮನ ಮಂಡಿ ನೋಡಿದೆವು. ಅದು ಹಿಂದಿನ ಸೀಟಿನಲ್ಲಿ ತಣ್ಣಗೆ ಕೂತಿತ್ತು.

“ಈಗೇನಂತೀರಾ?” ಎಂದಳು ಅಮ್ಮ.

ಅಲ್ಲಿಂದ ನೆಟ್ಟಗೆ ಗ್ಯಾರೇಜಿಗೆ. ಭಾನುವಾರವಾದರೂ ಮೇಸ್ತ್ರಿ ಅಲ್ಲಿಯೇ ಇದ್ದ. ಟಕ್ ಎನ್ನುವ ಶಬ್ದ ಎಡಗಡೆ, ಬ್ರೇಕ್ ಹಾಕಿದಾಗ ಎಂದು ಅಮ್ಮನೇ ವಿವರಿಸಿದಳು. ಅವನು ಜಾಕ್ ಕೊಟ್ಟು, ಕಾರಿನಡಿ ನುಗ್ಗಿ, ಹಾರೆಯಂಥ ಒಂದು ಸರಳು ಹಾಕಿ ಮೀಟಿದ. ಎಡಚಕ್ರವನ್ನು ಹಿಡಿದಿರುವ ಕಬ್ಬಿಣದ ತೋಳು ಸಡಿಲವಾದ ಹಲ್ಲಿನಂತೆ ಅತ್ತಿತ್ತ ಆಡಿತು. ಆ ತೋಳು ಕಾರಿನ ಮೈಗೆ ಸೇರುವ ಕಡೆ ಒಂದು ದಪ್ಪ ರಬ್ಬರ್ ಬಳೆ ಇರುತ್ತದೆ, ಅದೇ ಬುಷ್. ರಸ್ತೆಯ ಪೆಟ್ಟನ್ನೆಲ್ಲ ಅದು ನುಂಗಿಕೊಂಡು ಚಕ್ರವನ್ನು ಗಟ್ಟಿಯಾಗಿ ಹಿಡಿದಿರಬೇಕು. ಅದು ಕೆಟ್ಟರೆ ಚಕ್ರ ತನಗಿಷ್ಟ ಬಂದಂತೆ ಕುಣಿಯುತ್ತದೆ, ಆ ಕುಣಿತ ಸ್ಟೀರಿಂಗಿಗೆ ಹತ್ತುತ್ತದೆ.

“ನಾನು ಮೊದ್ಲೇ ಅಂದ್ಕೊಂಡಿದ್ದೆ ಸಾರ್,” ಎಂದ ಮೇಸ್ತ್ರಿ ಸಂಕೋಚವಿಲ್ಲದೆ.

ಅಪ್ಪನ ಎದೆ ಉಬ್ಬಿತು. ಅಣ್ಣನ ಕಡೆ ತಿರುಗಿ ಎರಡೂ ಕೈ ಚಾಚಿ ನಿಂತರು. ಅಷ್ಟರಲ್ಲಿ ಮೇಸ್ತ್ರಿ ತೋಳು ಬಿಚ್ಚಿ, ಹಳೆಯ ಬುಷ್ಷನ್ನು ಒತ್ತಿ ತೆಗೆದು ಅಂಗೈ ಮೇಲಿಟ್ಟ. ನೆನೆಹಾಕಿದ ಖರ್ಜೂರದಂತೆ ಊದಿ, ಹರಿದು, ಜಿಡ್ಡು ಸೋರಿಸುತ್ತಿತ್ತು. ಅದರ ವಾಸನೆ ನಮಗೆಲ್ಲ ಚೆನ್ನಾಗಿ ಪರಿಚಿತ. ನಮ್ಮ ಮನೆಯ ಆಯುಧಪೂಜೆಯ ವಾಸನೆ.

“ರಬ್ಬರ್‌ಗೆ ಆಯಿಲ್, ಸೀಮೆಣ್ಣೆ ಬಿದ್ರೆ ಹಿಂಗೇ ಕೊಳೆತೋಗದು. ಯಾರು ಸಾರ್ ಇದಕ್ಕೆ ಕುಡ್ಸಿದ್ದು?”

ಅಪ್ಪನ ಕೈಗಳು ಮೆಲ್ಲಗೆ ಕೆಳಗಿಳಿದವು.

“ರಬ್ಬರ್‌ಗೆ ವಯಸ್ಸಾಗಿರಬೋದು,” ಎಂದರು ಅಪ್ಪ.

ಮೇಸ್ತ್ರಿ ಬಲಗಡೆಯದನ್ನೂ ಬಿಚ್ಚಿದ. ಅದೇ ವಯಸ್ಸಿನ ಅದು ಒಣಗಿಕೊಂಡು, ಗಟ್ಟಿಮುಟ್ಟಾಗಿ, ಇನ್ನೂ ಮದುವೆಯಾಗುವ ಹುಮ್ಮಸ್ಸಿನಲ್ಲಿತ್ತು.

“ಆ ಕಡೆ ನಿಮ್ಮ ಗೋಣಿಚೀಲ ಹಿಡಿಸಲ್ಲ ಅಲ್ವಾ?” ಎಂದಳು ಅಮ್ಮ.

ಅಪ್ಪನ ಪಾಡು ಕಂಡು ನನಗೆ ನಗುವೂ ಬಂತು, ಅಯ್ಯೋ ಪಾಪ ಎಂದೂ ಅನ್ನಿಸಿತು. ಕೈ ನಿರ್ದೋಷಿ ಎನ್ನಬೇಕಾದರೆ ಎಣ್ಣೆ ತಪ್ಪಿತಸ್ಥ ಎನ್ನಬೇಕು. ಎಣ್ಣೆಯನ್ನು ಉಳಿಸಿಕೊಂಡರೆ ಕೀ ಅಣ್ಣನ ಬೀರುವಿಗೆ. ಒಂದು ಇಡೀ ಜೀವಮಾನದ ಸಿದ್ಧಾಂತ ಆ ಗ್ಯಾರೇಜಿನ ನೆಲದ ಮೇಲೆ ಜಿಡ್ಡು ಸೋರಿಸುತ್ತ ಬಿದ್ದಿತ್ತು. ಅಪ್ಪ ಅದನ್ನು ನೋಡಿದರು, ಗೋಡೆ ಪಕ್ಕದ ಬೆಂಚಿನ ಮೇಲೆ ಕಾಲು ಇಳಿಬಿಟ್ಟು ಕೂತ ಅಮ್ಮನನ್ನೂ ನೋಡಿದರು.

“ನಾನೇ ಹೊಡೆದದ್ದು,” ಎಂದರು. “ಎರಡೂ ಕಡೆ ಹೊಸದು ಹಾಕಪ್ಪ. ಶನಿವಾರ ನಂಜನಗೂಡಿಗೆ ಹೋಗ್ಬೇಕು.”

ಆ ಶನಿವಾರ ಅರವತ್ತು ದಾಟಿದರೂ ಸ್ಟೀರಿಂಗ್ ಮಿಸುಕಲಿಲ್ಲವಂತೆ. ಕೀ ಅಪ್ಪನ ಜೇಬಿನಲ್ಲೇ ಉಳಿಯಿತು. ಅಣ್ಣ ಮಾತ್ರ ಸೋಲನ್ನು ಒಪ್ಪದೆ, ಅರವತ್ತೇ ಅತಿ ವೇಗ ಎಂದು ಗೊಣಗಿದ.

ಮುಂದಿನ ದಸರೆ ಬಂತು. ಆಯುಧಪೂಜೆಯ ಹಿಂದಿನ ದಿನ ಅಪ್ಪ ಕಾರನ್ನು ಬರೀ ನೀರಿನಲ್ಲಿ ತೊಳೆದರು. ಆಮೇಲೆ ಮಾಡಲು ಏನೂ ತೋಚದೆ ಜಗುಲಿಯ ಮೇಲೆ ಕೂತು, ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಶೆಡ್ಡನ್ನೇ ನೋಡುತ್ತಿದ್ದರು. ಅಷ್ಟು ಬರಿದಾದ ಅವರ ಮುಖವನ್ನು ನಾನು ನಿವೃತ್ತಿಯ ದಿನವೂ ನೋಡಿರಲಿಲ್ಲ.

ಅಮ್ಮ ಒಳಗಿನಿಂದ ಬಂದಳು. ಹಳೆಯ ಸೀರೆ ಉಟ್ಟಿದ್ದಳು. ಬಿಸಿ ಮಾಡಿದ ಹರಳೆಣ್ಣೆಯ ಬಟ್ಟಲನ್ನು ಅಪ್ಪನ ಪಕ್ಕದಲ್ಲಿಟ್ಟು, ಜಗುಲಿಯ ಮೇಲೆ ಕೂತು, ಸೀರೆಯನ್ನು ಮಂಡಿಯವರೆಗೆ ಸರಿಸಿ ಕಾಲು ಚಾಚಿದಳು.

“ಹಚ್ಚಿ, ನೋಡಣ.”

ಅಪ್ಪ ಒಂದು ಗಳಿಗೆ ನಂಬಲಿಲ್ಲ. ಆಮೇಲೆ ಅಂಗಿಯ ತೋಳು ಮಡಚಿ, ಎಣ್ಣೆಯನ್ನು ಅಂಗೈಗೆ ಸುರಿದುಕೊಂಡು, ಒಂದು ಹನಿಯೂ ಸೀರೆಗೆ ತಾಗದಂತೆ ತಿಕ್ಕತೊಡಗಿದರು.

“ಈ ಕೈ ನಡುಗ್ತದಂತೆ,” ಎಂದಳು ಅಮ್ಮ ಯಾರಿಗೋ ಹೇಳುವಂತೆ. ಅಪ್ಪ ತಲೆ ಎತ್ತಲಿಲ್ಲ. ಇನ್ನಷ್ಟು ಮೆತ್ತಗೆ ತಿಕ್ಕಿ, ಮಂಡಿಯನ್ನು ಹುಷಾರಾಗಿ ಮಡಿಸಿದರು.

ಟಕ್ ಎಂದಿತು.

ಅಪ್ಪ ಬೆಚ್ಚಿ ಶೆಡ್ಡಿನ ಕಡೆ ತಿರುಗಿದರು.

“ಇಲ್ಲಿ ನೋಡ್ರೀ,” ಎಂದಳು ಅಮ್ಮ. “ಇದು ಮಾತ್ರ ನಂದೇ.”