ಭೋಗ್ಯದ ಮನೆ ಹುಡುಕಿಕೊಂಡು ಬೊಂಬಾಯಿಗೆ

ನನ್ನ ಅತ್ತೆಗೆ ಬಾಡಿಗೆ ಎಂಬ ಮಾತೇ ಆಗುತ್ತಿರಲಿಲ್ಲ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಯಾರಾದರೂ ತಿಂಗಳ ಬಾಡಿಗೆಗೆ ಮನೆ ಹಿಡಿದರೆಂದು ಗೊತ್ತಾದರೆ ಸಾಕು, "ಪಾಪ, ತೂತು ಬಿಂದಿಗೆಗೆ ನೀರು ಸೇದ್ತಾವ್ರೆ" ಎಂದು ಮರುಗುವರು. ನಾವಿದ್ದದ್ದು ಭೋಗ್ಯದ ಮನೆ. ನಮ್ಮ ಕಡೆ ಇದು ಮಕ್ಕಳಿಗೂ ಗೊತ್ತಿರುವ ಪದ್ಧತಿ. ಮಾಲೀಕನ ಕೈಗೆ ಒಂದು ದೊಡ್ಡ ಗಂಟು ಕೊಟ್ಟರೆ ಮೂರು ವರ್ಷ ಬಾಡಿಗೆಯ ಮಾತಿಲ್ಲದೆ ಇರಬಹುದು. ಬಿಡುವ ದಿನ ಅಷ್ಟೂ ದುಡ್ಡು ವಾಪಸ್ಸು ಇಸಿದುಕೊಂಡು ಬೀಗದ ಕೈ ಕೊಟ್ಟು ಬರಬಹುದು. ದುಡ್ಡಿನ ಬಡ್ಡಿ ಅವನಿಗೆ, ಮನೆಯ ನೆರಳು ನಮಗೆ. ನಂದಗುಡಿ ಹತ್ತಿರದ ತಮ್ಮ ಊರಿನಲ್ಲಿ ಸಾಕಿದ್ದ ಹಸುಗಳನ್ನೂ, ಪಾಲಿಗೆ ಬಂದ ತುಂಡು ಜಮೀನನ್ನೂ ಮಾರಿ ಅತ್ತೆ ತಂದ ನಲವತ್ತು ಸಾವಿರ ಆ ಮನೆಯ ಮೇಲಿತ್ತು. ಮಾವ ತೀರಿಕೊಂಡ ಮೇಲೆ ಅವರು ನಮ್ಮ ಜೊತೆ ಬಂದು ನೆಲೆ ನಿಂತದ್ದು ಹಾಗೆ.

ನಾನು ಆಗ ಊರಿನ ಒಂದು ಬ್ಯಾಂಕಿನಲ್ಲಿ ಕ್ಲರ್ಕು. ನನ್ನನ್ನು ನಾನೇ ಹೊಗಳಿಕೊಳ್ಳಬಾರದು ಅನ್ನುತ್ತಾರೆ, ಆದರೆ ಇನ್ನೊಬ್ಬರು ಹೊಗಳಲಿ ಎಂದು ಕಾಯುವ ತಾಳ್ಮೆ ನನಗಿಲ್ಲ. ಆ ಕೌಂಟರಿನಲ್ಲಿ ನನ್ನಷ್ಟು ಚುರುಕಾಗಿ ಕೆಲಸ ಮುಗಿಸುವವರು ಯಾರೂ ಇರಲಿಲ್ಲ. ಸೀರೆ ವ್ಯಾಪಾರಿಗಳು ಪಕ್ಕದ ಕೌಂಟರು ಖಾಲಿ ಇದ್ದರೂ ನನ್ನ ಮುಂದೆಯೇ ಸಾಲು ನಿಲ್ಲುತ್ತಿದ್ದರು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಧಿಕಾರಿಗಳ ಪರೀಕ್ಷೆಗೆ ಕೂತೆ, ಮೊದಲ ಸಲಕ್ಕೇ ಪಾಸಾದೆ. ಒಂದು ದಿನ ಮ್ಯಾನೇಜರು ಒಳಗೆ ಕರೆದರು.

"ಬಡ್ತಿ ಬಂದಿದೆ ಕಣಮ್ಮ. ಆದ್ರೆ ಈ ರಾಜ್ಯದಲ್ಲಲ್ಲ. ಬೊಂಬಾಯಿ, ಮದರಾಸು, ಕೊಚ್ಚಿ, ಮೂರರಲ್ಲಿ ಒಂದು ಹೇಳ್ಬಿಡು. ಹದಿನೈದು ದಿನದೊಳಗೆ ಹೇಳ್ಲಿಲ್ಲ ಅಂದ್ರೆ ಬೇಡ ಅಂದಂಗೆ. ಆಮೇಲೆ ಈ ಕೌಂಟರೇ ಗತಿ."

ಮೂರೂ ಸಮುದ್ರದ ದಡದ ಊರುಗಳು, ಮೂರರಲ್ಲೂ ಮನೆ ಸಿಗುವುದು ಕಷ್ಟ ಎಂದು ಎಲ್ಲರೂ ಹೇಳುವವರೇ. ಅದೆಲ್ಲ ನನಗೆ ಲೆಕ್ಕಕ್ಕಿರಲಿಲ್ಲ. ನನಗೆ ಆ ಬಡ್ತಿ ಬೇಕಾಗಿತ್ತು. ಆದರೆ ಅತ್ತೆ ಇಲ್ಲದೆ ಅದು ಆಗುವ ಮಾತಾಗಿರಲಿಲ್ಲ. ಮೂರು ವರ್ಷದ ಮಗಳನ್ನು ಬೆಳಗಿನಿಂದ ಸಂಜೆಯವರೆಗೆ ನೋಡಿಕೊಳ್ಳುತ್ತಿದ್ದವರು ಅವರೇ. ಮನೆಗೆ ಬಂದು ವಿಷಯ ಹೇಳಿದೆ. ರಾಗಿ ಹಸನು ಮಾಡುತ್ತಿದ್ದ ಅತ್ತೆ ಮೊರ ಕೆಳಗಿಡಲೂ ಇಲ್ಲ.

"ಹೋಗಣ ನಡಿ. ಅನ್ನ ಹುಟ್ಟೋ ಕಡೆ ಹೋಗೋಕೆ ನಾಚ್ಕೆ ಏನು? ಆದ್ರೆ ಒಂದ್ ಮಾತು. ಭೋಗ್ಯಕ್ಕೆ ಮನೆ ಸಿಕ್ಕುದ್ರೆ ನಾನು ಬರ್ತೀನಿ. ತಿಂಗ್ಳಾ ತಿಂಗ್ಳಾ ಕಂಡೋರ ಕೈಗೆ ಕಾಸು ಸುರಿಯೋ ಮನೆಗೆ ಮಾತ್ರ ಕಾಲಿಡಲ್ಲ. ಮಗೂನ ಕರ್ಕಂಡು ನಂದಗುಡಿ ಬಸ್ಸು ಹತ್ತಿಬಿಡ್ತೀನಿ."

ಅತ್ತೆ ಹೇಳಿದರೆ ಹೇಳಿದ್ದೇ. ಸರಿ, ಮೂರು ಊರಿನ ಮನೆಗಳ ವಿಚಾರಣೆಗೆ ಇಳಿದೆ. ನಮ್ಮ ಯಜಮಾನರು ಪವರ್‌ಲೂಮ್ ಸೀರೆಗಳನ್ನು ಹೊರಗಿನ ಅಂಗಡಿಗಳಿಗೆ ಒದಗಿಸುವ ಏಜೆಂಟು, ಮೂರೂ ಊರು ತಿರುಗಿದವರು. ಅವರನ್ನು ಕೇಳಿದರೆ ಯಾವ ಊರಿನ ಯಾವ ಲಾಡ್ಜಿನಲ್ಲಿ ತಿಗಣೆ ಕಮ್ಮಿ, ಎಲ್ಲಿ ಬಿಸಿನೀರು ಕೊಡುತ್ತಾರೆ ಎಂಬುದನ್ನೆಲ್ಲ ಹೇಳುತ್ತಿದ್ದರು. ಮನುಷ್ಯರು ಮನೆಗಳಲ್ಲಿ ವಾಸ ಮಾಡುತ್ತಾರೆ ಎಂಬುದನ್ನು ಅವರು ಅಲ್ಲಿ ಗಮನಿಸಿಯೇ ಇರಲಿಲ್ಲ.

ಕೊಚ್ಚಿಯ ಸುದ್ದಿ ಸಿಕ್ಕಿದ್ದು ಲೆಕ್ಕ ತಪಾಸಣೆಗೆ ಬಂದ ನಮ್ಮದೇ ಬ್ಯಾಂಕಿನ ಒಬ್ಬ ಅಧಿಕಾರಿಯಿಂದ. ದೊಡ್ಡ ಅಂಗಳ, ಬಾವಿ, ಹಲಸಿನ ಮರ ಇರುವ ಮನೆ. ಎರಡು ತಿಂಗಳ ಮುಂಗಡ, ಏಳುನೂರು ಬಾಡಿಗೆ. ಕೇಳಿ ನನ್ನ ಬಾಯಲ್ಲಿ ನೀರೂರಿತು. "ಅಲ್ಲಿ ಹೆಂಗಸ್ರು ಬಿಳೀ ಬಟ್ಟೆ ಉಡ್ತಾರೆ ಕಣೇ. ನಮ್ಮ ಹಸಿರು ನೈಲಾನ್ ಸೀರೆ ಯಾರಿಗೆ ಮಾರ್ಲಿ?" ಎಂದರು ಯಜಮಾನರು. ಅತ್ತೆಗೆ ಏಳುನೂರು ಎಂಬುದೊಂದೇ ಕೇಳಿಸಿತ್ತು. "ಬಾಡಿಗೆ ತಾನೆ? ಬಿಟ್ಹಾಕು."

ಮದರಾಸಿನ ಸೀರೆ ಅಂಗಡಿಯವರು ಹೇಳಿ ಕಳಿಸಿದ್ದು ಬೇರೆ. ಹತ್ತು ತಿಂಗಳ ಮುಂಗಡ, ಮೇಲೆ ಸಾವಿರ ರೂಪಾಯಿ ಬಾಡಿಗೆ, ನೀರು ಬಂದರೆ ಬಂತು, ಇಲ್ಲದಿದ್ದರೆ ಲಾರಿಯಿಂದ ಕೊಳ್ಳಬೇಕು. ಮಾಂಸ ಬೇಯಿಸುವವರಿಗೆ ಕೊಡುವುದಿಲ್ಲ ಎಂದು ಬೇರೆ. ಅತ್ತೆ ಕೆಂಡವಾದರು. "ನೀರಿಗೂ ಕಾಸು, ಬಾಡಿಗೆಗೂ ಕಾಸು, ಅದ್ರ ಮ್ಯಾಲೆ ನಮ್ಮ ಮಡಕೇಲಿ ಏನು ಬೇಯ್ತದೆ ಅಂತ ಇಣುಕಿ ನೋಡ್ತಾರಾ? ಥೂ!"

ಉಳಿದದ್ದು ಬೊಂಬಾಯಿ. ಯಜಮಾನರು ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ, ತಮ್ಮಿಂದ ಸೀರೆ ಕೊಳ್ಳುತ್ತಿದ್ದ ಅಲ್ಲಿನ ಸೇಠುವಿಗೆ ಫೋನು ಮಾಡಿದರು. ಪಕ್ಕದಲ್ಲಿ ನಾನೇ ನಿಂತಿದ್ದೆ. ಸೇಠು ಹೇಳಿದ್ದು ಇಷ್ಟು: ತನಗೆ ಗೊತ್ತಿರುವ ಒಬ್ಬ ಮುದುಕಿಯ ಮನೆ ಇದೆ, ಒಂದು ಕೋಣೆ, ಒಂದು ಅಡಿಗೆಮನೆ, ಡಿಪಾಜಿಟ್ಟು ನಲವತ್ತು ಸಾವಿರ, ಬಿಡುವಾಗ ಪೂರ್ತಿ ವಾಪಸ್ಸು. ಯಜಮಾನರ ಮುಖ ಅರಳಿತು. ಮೀಟರು ಓಡುತ್ತಿದೆ ಎಂದು ಪಟ್ಟನೆ ಫೋನು ಇಟ್ಟರು.

ನಲವತ್ತು ಸಾವಿರ! ನಮ್ಮ ಗಂಟು ಎಷ್ಟಿತ್ತೋ ಅಷ್ಟೇ. ಬಿಡುವಾಗ ವಾಪಸ್ಸು. ಇದು ಭೋಗ್ಯವಲ್ಲದೆ ಇನ್ನೇನು? ಮನೆಗೆ ಬಂದು ಹೇಳಿದಾಗ ಅತ್ತೆ ಹೊಸಿಲ ಮೇಲೆ ಕೂತು ಕೈ ಮುಗಿದರು. "ನೋಡ್ದಾ? ದೊಡ್ಡೂರು ಅಂದ್ರೆ ದೊಡ್ಡೂರೇ. ನ್ಯಾಯ ಗೊತ್ತಿರೋ ಜನ." ದೇಶಕ್ಕೆಲ್ಲ ದುಬಾರಿಯಾದ ಊರನ್ನು ಮೂರರಲ್ಲಿ ಅತಿ ಅಗ್ಗದ್ದು ಎಂದು ತೀರ್ಮಾನಿಸಿದ ಕುಟುಂಬ ಭೂಮಿಯ ಮೇಲೆ ನಮ್ಮದೊಂದೇ ಇರಬೇಕು. ಮಾರನೆಯ ದಿನವೇ ನಾನು ಬೊಂಬಾಯಿ ಎಂದು ಬರೆದುಕೊಟ್ಟೆ. ಯಜಮಾನರು ಮನೆ ಮಾಲೀಕರಿಗೆ ಮನೆ ಬಿಡುವುದಾಗಿ ಹೇಳಿದರು. ಅವರು ವಾರದಲ್ಲೇ ಇನ್ನೊಂದು ನೇಯ್ಗೆಯವರ ಕುಟುಂಬವನ್ನು ಗೊತ್ತು ಮಾಡಿ, ನಮ್ಮ ದುಡ್ಡನ್ನು ಪೈಸೆ ಬಿಡದೆ ಕೊಟ್ಟರು. ನಮ್ಮ ಮಂಚ, ಪಾತ್ರೆ, ರುಬ್ಬುವ ಕಲ್ಲು ಎಲ್ಲ ನಾದಿನಿಯ ಮನೆಯ ಹಿತ್ತಲು ಸೇರಿದವು. ನಾವು ನಾಲ್ಕು ಜನ ಬೊಂಬಾಯಿ ರೈಲು ಹತ್ತಿದೆವು.

ಆ ಮನೆ ಇದ್ದದ್ದು ಠಾಣೆ ಎಂಬ ಊರಿನಿಂದಲೂ ಆಚೆ, ಡೊಂಬಿವಲಿಯಲ್ಲಿ, ಮೂರನೆಯ ಮಹಡಿಯ ಮೇಲೆ. ಮನೆಯೊಡತಿ ಮರಾಠಿ ಮುದುಕಿ, ನಮ್ಮ ಅತ್ತೆಯ ವಯಸ್ಸೇ, ಪಕ್ಕದ ಬಾಗಿಲಿನಲ್ಲೇ ಅವಳ ವಾಸ. ಅತ್ತೆ ಒಳಗೆ ಹೋದವರು ನಿಂತಲ್ಲೇ ಒಂದು ಸುತ್ತು ತಿರುಗಿ ನೋಡಿ ಮುಗಿಸಿದರು. "ಒಲೆ ಮುಂದೆ ಕೂತ್ಕಂಡೇ ಬೀದಿ ಬಾಗ್ಲು ಚಿಲಕ ಹಾಕ್ಬೋದು. ಹೋಗ್ಲಿ, ಗುಡಿಸೋ ಕೆಲ್ಸ ಕಮ್ಮಿ" ಎಂದರು. ಮಗಳು ಆಗಲೇ ಕಿಟಕಿ ಹಿಡಿದು ರೈಲು ಎಣಿಸುತ್ತಿದ್ದಳು. ಯಜಮಾನರು ನೋಟಿನ ಕಟ್ಟುಗಳನ್ನು ಮುಂದಿಟ್ಟರು. ಮುದುಕಿ ಎಂಜಲು ಹಚ್ಚಿ ಹಚ್ಚಿ ಎಣಿಸಿದಳು. ಎಣಿಸಿ ಮುಗಿಸಿ ಮತ್ತೆ ಕೈ ಚಾಚಿದಳು.

"ಮೊದಲ ತಿಂಗಳ ಬಾಡಿಗೆ?"

ಬ್ಯಾಂಕಿನವರು ಕಟ್ಟಿಸಿದ್ದ ಹಿಂದಿ ಪರೀಕ್ಷೆಯ ದೆಸೆಯಿಂದ ನನಗೆ ಮಾತು ಅರ್ಥವಾಯಿತು, ನಂಬಿಕೆ ಮಾತ್ರ ಬರಲಿಲ್ಲ. ಎಷ್ಟು ಎಂದೆ. ತಿಂಗಳಿಗೆ ಹನ್ನೊಂದು ನೂರು ಎಂದಳು. ಹನ್ನೊಂದು ತಿಂಗಳಿಗೆ ಒಂದು ಕರಾರು, ಮುಗಿದ ಮೇಲೆ ಮತ್ತೆ ಮಾತು. ನಾನು ಗಂಡನ ಕಡೆ ತಿರುಗಿದೆ.

"ರೀ, ಬಾಡಿಗೆ ಎಷ್ಟು ಅಂತ ಕೇಳ್ಲೇ ಇಲ್ವಾ ನೀವು?"

"ಅಷ್ಟೊಂದು ಡಿಪಾಜಿಟ್ ಅಂದ್ಮೇಲೆ ಬಾಡಿಗೆ ಯಾರು ಕೇಳ್ತಾರೆ? ಪಕ್ಕದಲ್ಲೇ ನಿಂತಿದ್ಯಲ್ಲ, ನೀನಾದ್ರೂ ಕೇಳ್ದಾ?"

ಅದು ನಿಜವೇ. ನಮ್ಮ ಕಡೆಯ ಯಾರೂ ಕೇಳುತ್ತಿರಲಿಲ್ಲ. ಅತ್ತೆಗೆ ವಿಷಯ ತಿಳಿಸಿದೆ. ಅವರು ನೇರವಾಗಿ ಮುದುಕಿಯ ಎದುರು ಹೋಗಿ ಚಕ್ಕಳಮಕ್ಕಳ ಹಾಕಿ ಕೂತರು.

"ಹೇಳು ಇವಳ್ಗೆ. ಹಸು ನಂದು. ತಂದು ಇವಳ ಕೊಟ್ಟಿಗೇಲಿ ಕಟ್ಟಿದೀನಿ. ಹಾಲು ಇವಳೇ ಕರ್ಕಂಡು ಕುಡೀತಾಳೆ. ಅದ್ರ ಮ್ಯಾಲೆ ಕೊಟ್ಟಿಗೆಗೂ ಬಾಡಿಗೆ ಕೊಡು ಅಂದ್ರೆ ಯಾವೂರ ನ್ಯಾಯ?"

ನನಗೆ ಬಂದ ಹಿಂದಿಯಲ್ಲಿ ಹಸು, ಕೊಟ್ಟಿಗೆ, ಹಾಲು ಎಲ್ಲವನ್ನೂ ದಾಟಿಸಿದೆ. ಮುದುಕಿ ಮೊದಲು ಬೆರಗಾಗಿ ನೋಡಿದಳು. ನಿಮ್ಮೂರಿನಲ್ಲಿ ಬಾಡಿಗೆ ತೆಗೆದುಕೊಳ್ಳದೆ ಮನೆ ಕೊಡುವ ಹುಚ್ಚರಿದ್ದಾರಾ ಎಂದು ಕೇಳಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿಸಿ ಅವಳದೇ ನ್ಯಾಯ ಹೇಳಿದಳು: ನಾಳೆ ನೀವು ಬಿಡುವುದಿಲ್ಲ ಎಂದು ಕೂತರೆ ನಾನು ಯಾರ ಬಾಗಿಲು ಬಡಿಯಲಿ? ಡಿಪಾಜಿಟ್ಟು ಆ ಭಯಕ್ಕೆ. ಬಾಡಿಗೆ ನನ್ನ ಹೊಟ್ಟೆಗೆ. ಅತ್ತೆ ಅದನ್ನು ಒಪ್ಪಲಿಲ್ಲ. ಅವಳು ಇದನ್ನು ಒಪ್ಪಲಿಲ್ಲ. ಒಬ್ಬರನ್ನೊಬ್ಬರು ಕಳ್ಳಿ ಎಂದುಕೊಳ್ಳುತ್ತಲೇ ಇಬ್ಬರೂ ಒಂದೊಂದು ಲೋಟ ಚಹಾ ಕುಡಿದರು. ಯೋಚನೆ ಮಾಡಿ ಹೇಳುತ್ತೇವೆಂದು ದುಡ್ಡು ವಾಪಸ್ಸು ತೆಗೆದುಕೊಂಡು ಇಳಿದು, ಒಂದು ಲಾಡ್ಜು ಸೇರಿದೆವು.

ಮಾರನೆಯ ದಿನವಿಡೀ ಅದೇ ರೈಲು ದಾರಿಯಲ್ಲಿ ಮನೆ ನೋಡಿದೆವು. ಪಟ್ಟಣದ ಒಳಕ್ಕೆ ಹೋದಂತೆ ಡಿಪಾಜಿಟ್ಟು ಏರಿ ಲಕ್ಷ ದಾಟುತ್ತಿತ್ತು, ಸಮುದ್ರದ ಗಾಳಿಗೂ ಬೆಲೆ ಕಟ್ಟಿದಂತಿತ್ತು. ಹೊರಕ್ಕೆ ಹೋದಂತೆ ಬಾಡಿಗೆ ಇಳಿಯುತ್ತಿತ್ತು, ನನ್ನ ಬ್ಯಾಂಕು ದೂರವಾಗುತ್ತಿತ್ತು, ನಲ್ಲಿಯಲ್ಲಿ ನೀರೂ ನಿಲ್ಲುತ್ತಿತ್ತು. ಎಷ್ಟು ಅಳೆದರೂ ಸುರಿದರೂ ನಮಗೆ ಎಟುಕುವಂತಿದ್ದದ್ದು ಆ ಮುದುಕಿಯ ಮನೆಯೊಂದೇ. ಮಧ್ಯಾಹ್ನ ಕಲ್ಯಾಣದ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಾಗ ನನಗೆ ಅಳು ಬಂತು. ದುಃಖದ ಅಳುವಲ್ಲ, ಸಿಟ್ಟಿನದು. ದೊಡ್ಡಬಳ್ಳಾಪುರದ ಮನೆ ಹೋಯಿತು. ಇಲ್ಲಿ ಬಾಡಿಗೆ ಕೊಡದೆ ಮನೆ ಇಲ್ಲ. ಬಾಡಿಗೆ ಕೊಟ್ಟರೆ ಅತ್ತೆ ಇರುವುದಿಲ್ಲ, ಅತ್ತೆ ಇಲ್ಲದಿದ್ದರೆ ಬಡ್ತಿಯೂ ಇಲ್ಲ. ಯಜಮಾನರು ಮಗಳಿಗೆ ಏನೋ ತಿನ್ನಿಸಿಕೊಂಡು ಬರುತ್ತೇನೆಂದು ಮೆಲ್ಲಗೆ ಜಾಗ ಖಾಲಿ ಮಾಡಿದರು. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದರು.

"ಬಡ್ತಿ ಬಂದ್ರೆ ಎಷ್ಟು ಜಾಸ್ತಿ ಕೊಡ್ತಾರೆ ನಿಂಗೆ?"

"ಜಾಸ್ತಿ ಕೊಡೋದು ಈ ಬಾಡಿಗೆಗೇ ಸರಿಹೋಗ್ತದೆ ಅತ್ತೆ."

"ಅಂದ್ರೆ ಲಾಭ ಇಲ್ಲ."

"ಇಲ್ಲ."

"ಮತ್ಯಾಕೆ ಬೇಕು?"

ನನಗೆ ರೇಗಿತು. "ಇಷ್ಟು ವರ್ಷ ನಾನು ಮಾಡಿದ ಕೆಲ್ಸದ ಕಾಗ್ದ ಎತ್ಕೊಂಡೋಗಿ ಇನ್ನೊಬ್ರ ಸಹಿಗೆ ಬಾಗ್ಲಲ್ಲಿ ಕಾದು ನಿಂತಿದೀನಿ ಅತ್ತೆ. ಅವರ್ಗಿಂತ ನಂಗೇ ಚೆನ್ನಾಗಿ ಗೊತ್ತಿರ್ತಿತ್ತು. ಇನ್ಮೇಲೆ ನಾನೇ ಹಾಕ್ಬೇಕು ಆ ಸಹಿನ. ಅಷ್ಟೇ. ಲಾಭನಂತೆ ಲಾಭ!"

ಅತ್ತೆಯೆದುರು ನಾನು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು. ಅವರು ಎಲೆ ಮಡಿಚಿ ಬಾಯಿಗಿಟ್ಟುಕೊಂಡರು. ಸಂಜೆ ಲಾಡ್ಜಿಗೆ ಮರಳಿದೆವು. ನಾನು ಮನಸ್ಸಿನಲ್ಲೇ ವಾಪಸ್ಸು ಹೋಗುವ ರೈಲಿನ ಟಿಕೆಟ್ಟಿಗೆ ಸಾಲು ನಿಂತುಬಿಟ್ಟಿದ್ದೆ.

ಬೆಳಿಗ್ಗೆ ಅತ್ತೆ ಎಲ್ಲರಿಗಿಂತ ಮುಂಚೆ ತಯಾರಾಗಿ ಬಾಗಿಲಲ್ಲಿ ನಿಂತಿದ್ದರು. "ನಡೀರಿ, ಆ ಮುದ್ಕಿ ಮನೆಗೆ" ಎಂದರು. ಜಗಳದ ಎರಡನೆಯ ಸುತ್ತು ಎಂದುಕೊಂಡೆ. ಮೂರು ಮಹಡಿ ಹತ್ತಿ, ಏದುಸಿರು ಬಿಡುತ್ತಾ, ಮುದುಕಿಯ ಎದುರು ಕೂತರು. ನಲವತ್ತು ಸಾವಿರವನ್ನು ಮಗನ ಕೈಯಿಂದ ಕೊಡಿಸಿದರು. ಆಮೇಲೆ ಸೊಂಟದ ಎಲೆಯಡಿಕೆ ಚೀಲದಿಂದ ತಮ್ಮದೇ ನೂರರ ನೋಟುಗಳನ್ನು ತೆಗೆದು, ಒಂದೊಂದನ್ನೂ ನೆಲದ ಮೇಲೆ ತಟ್ಟಿ ತಟ್ಟಿ ಇಟ್ಟರು. ಹನ್ನೊಂದು.

ಮುದುಕಿ ಕಾಗದ ತೆಗೆದು ಯಾರ ಹೆಸರಿಗೆ ಎಂದು ಕೇಳಿದಳು. ಯಜಮಾನರು ಅಭ್ಯಾಸದ ಮೇಲೆ ತಮ್ಮ ಹೆಸರು ಹೇಳಲು ಬಾಯಿ ತೆರೆದರು. ಅತ್ತೆ ಕೈಯೆತ್ತಿ ತಡೆದರು.

"ತಡಿಯಲಾ. ನಿಂದು ಬೇಡ, ಇವಳ್ದು ಬರೀಲಿ. ನಾನು ಜನ್ಮದಲ್ಲಿ ಒಂದು ದಿನ ಬಾಡಿಗೆ ಕೊಟ್ಟೋಳಲ್ಲ ಕಣಪ್ಪ. ಹುಟ್ಟಿದ್ದು ನಮ್ಮಪ್ಪನ ಮನೆ. ಬಂದಿದ್ದು ನಿಮ್ಮಪ್ಪನ ಮನೆ. ದೊಡ್ಬಳ್ಳಾಪುರದಲ್ಲಿ ದುಡ್ಡು ನಂದು, ಪತ್ರದಲ್ಲಿ ಹೆಸ್ರು ನಿಂದು. ಒಂದು ಕಡೇನೂ ನನ್ನ ಮನೆ ಅಂತ ಬಾಯ್ಬಿಟ್ಟು ಅಂದಿಲ್ಲ ನಾನು. ಇವಳು ತಿಂಗ್ಳಾ ತಿಂಗ್ಳಾ ದುಡಿದು ಕೊಡ್ತಾಳೆ. ಇವಳಾದ್ರೂ ಅಂದ್ಕಳ್ಳಿ."

ಯಜಮಾನರು ತಲೆ ತಗ್ಗಿಸಿದರು. ಮುದುಕಿಗೆ ಕನ್ನಡ ಒಂದಕ್ಷರ ತಿಳಿಯದು; ಅತ್ತೆಯ ಬೆರಳು ನನ್ನ ಕಡೆ ಇದ್ದದ್ದನ್ನು ನೋಡಿ ಪೆನ್ನು ನನ್ನತ್ತ ತಿರುಗಿಸಿದಳು. ನಾನು ನನ್ನ ಹೆಸರನ್ನು ಸ್ಪಷ್ಟವಾಗಿ ಹೇಳಿದೆ. ಅವಳು ಬರೆಯತೊಡಗಿದಳು. ಓದು ಬಾರದ ಅತ್ತೆ ಮುಂದಕ್ಕೆ ಬಗ್ಗಿ, ಕೊನೆಯ ಅಕ್ಷರ ಮುಗಿಯುವವರೆಗೂ ಆ ಕಾಗದದಿಂದ ಕಣ್ಣು ಕೀಳಲಿಲ್ಲ.