ಸರಪಳಿಯ ಆ ತುದಿಯ ನಾರ್ಬರ್ಟ್

ನಾರ್ಬರ್ಟ್ ಹುಡಾಕ್ ಮಾಂಸದ ಅಂಗಡಿಯವನು. ಕೆಲ್ಸೋ ಹಾರ್ಬರಿನ ಉಕ್ಕಿನ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾದರೂ ಅದರ ಗೇಟಿನ ಎದುರು ಅವನಪ್ಪ ಇಟ್ಟ ಅಂಗಡಿ ಮಾತ್ರ ಮುಚ್ಚಿರಲಿಲ್ಲ. ಹೊಗೆ ಹಾಕಿದ ಹಂದಿ ಸಾಸೇಜಿಗೆ ನಮ್ಮೂರಿನ ಸ್ಲೋವಾಕಿಯಾ ಮೂಲದವರು ಬೇರೆ ಕಡೆ ಹೋಗುವವರಲ್ಲ. ವಾರವಿಡೀ ಅವನು ಅಲ್ಲಿ ಬಿಳಿ ಏಪ್ರನ್ ಕಟ್ಟಿಕೊಂಡು ನಿಲ್ಲುತ್ತಿದ್ದ. ಆಟದ ಕಾಲದಲ್ಲಿ ಭಾನುವಾರ ಬಂತೆಂದರೆ ಏಪ್ರನ್ ಬಿಚ್ಚಿ, ನಮ್ಮೂರಿನ ಅಮೆರಿಕನ್ ಫುಟ್‌ಬಾಲ್ ತಂಡ ಹ್ಯಾಮರ್ಸ್‌ನ ಕ್ರೀಡಾಂಗಣದ ಅಂಚಿನಲ್ಲಿ ಕಿತ್ತಳೆ ಬಣ್ಣದ ಕೋಲು ಹಿಡಿದು ನಿಲ್ಲುತ್ತಿದ್ದ.

ಎರಡು ಕೋಲು, ನಡುವೆ ಹತ್ತು ಗಜದ ಸರಪಳಿ. ಒಂದು ಕೋಲು ಅವನದು, ಇನ್ನೊಂದು ನನ್ನದು. ಚೆಂಡು ಹಿಡಿದ ತಂಡ ನಾಲ್ಕು ಸಲದೊಳಗೆ ಹತ್ತು ಗಜ ದಾಟಬೇಕು. ದಾಟಿತೋ ಇಲ್ಲವೋ ಎಂಬ ಅನುಮಾನ ಬಂದರೆ ರೆಫರಿ ಕೈಸನ್ನೆ ಮಾಡುತ್ತಾನೆ, ನಾವಿಬ್ಬರು ಓಡಿಹೋಗಿ ಅಳೆದು ತೋರಿಸುತ್ತೇವೆ. ಇಷ್ಟೇ ಕೆಲಸ. ಊರಿನವರೇ ಮಾಡುವ ಕೆಲಸ. ಒಂದು ನಿಯಮವಿದೆ: ಕೋಲು ಹಿಡಿದವನು ಯಾರ ಪರವಾಗಿಯೂ ಚಪ್ಪಾಳೆ ತಟ್ಟುವ ಹಾಗಿಲ್ಲ, ಕೂಗುವ ಹಾಗಿಲ್ಲ. ಹುಟ್ಟಿದಾಗಿನಿಂದ ಹ್ಯಾಮರ್ಸ್ ಅಂದರೆ ಪ್ರಾಣ ಬಿಡುತ್ತಿದ್ದ ನಾರ್ಬರ್ಟ್ ಆ ಕೋಲು ಹಿಡಿದ ಮೇಲೆ ಒಮ್ಮೆಯೂ ದನಿ ಎತ್ತಿದವನಲ್ಲ. ಬಹಳ ಖುಷಿಯಾದರೆ ಮೀಸೆ ಅಲುಗುತ್ತಿತ್ತು, ಅಷ್ಟೇ.

ಗಟ್ಟಿ ಹೊಡೆತ ಅವನಿಗೆ ಇಷ್ಟವಾಗುತ್ತಿತ್ತು. ಎದುರೆದುರು ಓಡಿ ಬಂದು ಭುಜಕ್ಕೆ ಭುಜ ಕೊಟ್ಟು ಇಬ್ಬರೂ ಬಿದ್ದು, ಒಬ್ಬ ಇನ್ನೊಬ್ಬನನ್ನು ಕೈಹಿಡಿದು ಎಬ್ಬಿಸಿದರೆ, "ನೋಡಿದ್ಯಾ ಬರ್ನೀ? ಗಂಡಸರ ಆಟ ಅಂದ್ರೆ ಇದು" ಎಂದು ನನ್ನ ಕಡೆ ಪಿಸುಗುಡುತ್ತಿದ್ದ. ಅಂಥವನಿಗೆ ಟ್ರೆಂಟ್ ಮ್ಯಾಲರ್ಡ್‌ನನ್ನು ನೋಡಿದರೆ ಮೈ ಉರಿಯುತ್ತಿತ್ತು.

ಮ್ಯಾಲರ್ಡ್ ನಮ್ಮ ತಂಡದ ರಕ್ಷಣೆಯ ಆಟಗಾರ, ಊರಿನ ಕಣ್ಮಣಿ. ಬೇಕರಿಯಲ್ಲಿ, ಬಸ್ಸಿನ ಮೇಲೆ, ಎಲ್ಲೆಲ್ಲೂ ಅವನ ಮುಖ. ಗ್ಯಾಲರಿಯಲ್ಲಿ ಕೂತವರಿಗೆ ಅವನ ವೇಗ ಕಾಣುತ್ತಿತ್ತು. ಅಂಚಿನಲ್ಲಿ ನಿಂತ ನಮಗೆ ಉಳಿದದ್ದೂ ಕಾಣುತ್ತಿತ್ತು. ಆಟಗಾರರು ಒಬ್ಬರ ಮೇಲೊಬ್ಬರು ಬಿದ್ದು ರಾಶಿಯಾದಾಗ ಅವನ ಕೈ ಅಡಿಯಲ್ಲಿ ಸೇರಿಕೊಳ್ಳುತ್ತಿತ್ತು. ಬೆರಳು ತಿರುಚುವುದು, ಹೆಲ್ಮೆಟ್ಟಿನ ಕಂಬಿಯೊಳಗೆ ಕೈ ತೂರಿಸಿ ಕಣ್ಣಿಗೆ ಚುಚ್ಚುವುದು, ತೊಡೆಸಂದಿಗೆ ಮೊಣಕಾಲು ಕೊಡುವುದು. ಎದ್ದು ಬರುವಾಗ ಬಿದ್ದವನ ಮೇಲೆ ಉಗುಳುವುದು. ಲೀಗಿನವರು ಆಗಾಗ ದಂಡ ಹಾಕುತ್ತಿದ್ದರು. ಅವನು ದಂಡದ ಸುದ್ದಿ ಬಂದ ದಿನ ಹೊಸ ಕಾರಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದ. ಊರು ನಗುತ್ತಿತ್ತು.

ನವೆಂಬರಿನ ಒಂದು ಭಾನುವಾರ ಸರೋವರದ ಕಡೆಯಿಂದ ಹಿಮಗಾಳಿ ಬೀಸುತ್ತಿತ್ತು. ಎದುರಾಳಿ ತಂಡದಲ್ಲಿ ಇಸಾಯ ಟಿಬ್ಸ್ ಎಂಬ ಓಟಗಾರನಿದ್ದ. ಅವತ್ತು ಅವನನ್ನು ಹಿಡಿಯುವವರೇ ಇರಲಿಲ್ಲ. ಮ್ಯಾಲರ್ಡ್‌ನನ್ನಂತೂ ಎರಡು ಸಲ ನೆಲಕ್ಕೆ ಕೆಡವಿ ದಾಟಿ ಹೋಗಿದ್ದ. ಮೂರನೆಯ ಸಲ ನಮ್ಮ ಕಡೆಯ ಅಂಚಿಗೇ ಓಡಿ ಬಂದ. ನಾಲ್ಕು ಜನ ಸೇರಿ ಬೀಳಿಸಿದರು. ಚೆಂಡು ಕೈಜಾರಿ ಆಚೆ ಉರುಳಿತು, ರೆಫರಿಗಳ ಕಣ್ಣೆಲ್ಲ ಅದರ ಹಿಂದೆ ಹೋಯಿತು. ಸೀಟಿ ಊದಿದ್ದೂ ಆಯಿತು. ಟಿಬ್ಸ್ ನಾರ್ಬರ್ಟ್‌ನ ಬೂಟಿನ ಮುಂದೆಯೇ ಬೋರಲಾಗಿ ಬಿದ್ದಿದ್ದ. ನನಗೆ ಅಡ್ಡಲಾಗಿ ಮೂರು ಬೆನ್ನು. ನಾರ್ಬರ್ಟ್‌ಗೆ ಯಾವ ಅಡ್ಡವೂ ಇರಲಿಲ್ಲ.

ಅವನು ಕಂಡದ್ದು ಇದು: ಮ್ಯಾಲರ್ಡ್ ಬಂದು ಬಗ್ಗಿ, ಬಿದ್ದವನ ಪಾದವನ್ನು ಎರಡೂ ಕೈಯಲ್ಲಿ ಹಿಡಿದು, ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿ, ಹಾಗೆಯೇ ಮಂಡಿಯ ಮೇಲೆ ತನ್ನ ಭಾರವನ್ನೆಲ್ಲ ಬಿಟ್ಟ.

ಸದ್ದು ನನಗೂ ಕೇಳಿಸಿತು. ಏನೆಂದು ನನಗೆ ಗೊತ್ತಾಗಲಿಲ್ಲ. ನಾರ್ಬರ್ಟ್‌ಗೆ ಗೊತ್ತಾಯಿತು. ದಿನ ಬೆಳಗಾದರೆ ಕೀಲು ಬಿಡಿಸುವ ಕೈ ಅವನದು. ಅವನ ಮುಖ ಬಿಳಿಚಿಕೊಂಡಿತು. ಟಿಬ್ಸ್ ಕೂಗಿಕೊಂಡದ್ದು ಆಮೇಲೆ.

"ಇನ್ಮೇಲೆ ಮನೇಲಿ ಕೂತು ಟಿವಿ ನೋಡು ಕಂದಾ," ಅಂದ ಮ್ಯಾಲರ್ಡ್. ಎದ್ದು ನಮ್ಮ ಬೆಂಚಿನ ಕಡೆ ಬಂದ. ಕೋಚ್ ಅವನ ಹೆಲ್ಮೆಟ್ಟಿನ ಮೇಲೆ ತಟ್ಟಿ, "ಸರಿಯಾಗ್ ಮಾಡ್ದೆ" ಅಂದ. ಗಾಡಿಯಲ್ಲಿ ಟಿಬ್ಸ್‌ನನ್ನು ಸಾಗಿಸುವಾಗ ಮೇಲಿನ ಸಾಲಿನವರು "ಟಾಟಾ! ಟಾಟಾ!" ಎಂದು ರಾಗವಾಗಿ ಹಾಡಿದರು. ಅದರಲ್ಲಿ ನಮ್ಮ ಬೀದಿಯವರ ದನಿಯೂ ಇತ್ತು.

ಯಾವ ಕ್ಯಾಮೆರಾಗೂ ಅದು ಸರಿಯಾಗಿ ಸಿಕ್ಕಿರಲಿಲ್ಲ. ಎದುರಾಳಿ ತಂಡ ದೂರು ಕೊಟ್ಟಿತು. ಲೀಗಿನ ಶಿಸ್ತು ವಿಭಾಗದವರು ಅಂಚಿನಲ್ಲಿ ನಿಂತವರನ್ನೆಲ್ಲ ವಿಚಾರಿಸುತ್ತಾರೆಂದು ಸುದ್ದಿಯಾಯಿತು. ಅವರಿಗಿಂತ ಮೊದಲು ನಮ್ಮ ತಂಡದ ವ್ಯವಸ್ಥಾಪಕ ಗ್ರಾಂಟ್ ಲೂಮಿಸ್ ಅಂಗಡಿಗೆ ಬಂದ. ನಾನು ಅಲ್ಲೇ ಕಾಫಿ ಕುಡಿಯುತ್ತಿದ್ದೆ.

"ಏನ್ ಯಜಮಾನ್ರೇ, ವ್ಯಾಪಾರ ಜೋರಾ?" ಅಂದ ಲೂಮಿಸ್. "ಆ ಹುಡುಗನ ಕಾಲು ಹುಲ್ಲಿಗೆ ಸಿಕ್ಕೊಂಡ್ತು. ನೀವೂ ನೋಡಿದ್ರಲ್ಲ?"

"ನಾನು ನೋಡಿದ್ದು ಬೇರೆ," ಅಂದ ನಾರ್ಬರ್ಟ್.

"ಅಲ್ಲಾ, ಅಷ್ಟು ಗಲಾಟೇಲಿ ಯಾರಿಗೆ ಏನು ಸರಿಯಾಗಿ ಕಾಣತ್ತೆ ಹೇಳಿ. ಗೊತ್ತಾಗ್ಲಿಲ್ಲ ಅಂದ್ರೂ ಸಾಕು. ಸುಳ್ಳು ಹೇಳಿ ಅಂತ ನಾನೇನೂ ಹೇಳ್ತಿಲ್ಲ."

"ಮತ್ತೆ ಇನ್ನೇನ್ ಹೇಳ್ತಿದ್ದೀರ?"

ಲೂಮಿಸ್ ನಕ್ಕ. ಸಾಸೇಜ್ ಕಟ್ಟಿಸಿಕೊಂಡು ಹೋದ. ಬಾಗಿಲು ಮುಚ್ಚಿದ ಮೇಲೆ ನಾರ್ಬರ್ಟ್ ತೊಳೆಯುವ ತೊಟ್ಟಿಗೆ ಕ್ಯಾಕರಿಸಿ ಉಗಿದ. ಅಂಗಡಿಯೊಳಗೆ ಅವನು ಉಗಿದದ್ದನ್ನು ನಾನು ಮೊದಲ ಸಲ ನೋಡಿದೆ.

ಲೀಗಿನ ವಕೀಲೆ ಬಂದಾಗ ನಾನು ಕೇಳಿದ್ದನ್ನು ಹೇಳಿದೆ, ಅವನು ಕಂಡದ್ದನ್ನು ಹೇಳಿದ. ವಾರದಲ್ಲಿ ತೀರ್ಪು ಬಂತು: ಮ್ಯಾಲರ್ಡ್‌ಗೆ ಆರು ಪಂದ್ಯಗಳ ನಿಷೇಧ. ಸಾಕ್ಷಿ ಯಾರೆಂದು ಯಾರು ಬಾಯಿಬಿಟ್ಟರೋ, ಮಾರನೆಯ ದಿನ ಊರಿಗೆಲ್ಲ ಗೊತ್ತಿತ್ತು.

ಗಿರಾಕಿಗಳಿಲ್ಲದೆ ಅಂಗಡಿ ಬಾಗಿಲಿನ ಗಂಟೆ ಸದ್ದು ಮಾಡುವುದೇ ನಿಂತಿತು. ಗಾಜಿನ ಮೇಲೆ ಯಾರೋ ಇಲಿಯ ಚಿತ್ರ ಬರೆದರು; ನಮ್ಮಲ್ಲಿ ಚಾಡಿಕೋರನಿಗೆ ಇಲಿ ಅನ್ನುತ್ತಾರೆ. ಒಂದು ಬೆಳಗ್ಗೆ ಅವನ ಹೆಂಡತಿ ಇರ್ಮಾ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಕೊಳೆತ ಹಂದಿಗಾಲು, ಅದಕ್ಕೆ ಹ್ಯಾಮರ್ಸ್ ಬಣ್ಣದ ರಿಬ್ಬನ್ನು. ಇರ್ಮಾ ಅದನ್ನು ಸಲಿಕೆಯಲ್ಲಿ ಎತ್ತಿ ಎಸೆದು, ಮೆಟ್ಟಿಲಿಗೆ ಬಿಸಿನೀರು ಸುರಿದಳು. "ಇವ್ರ ಮಕ್ಕಳ ಹುಟ್ಟುಹಬ್ಬಕ್ಕೆಲ್ಲ ನಾವೇ ಕೊಟ್ಟಿದ್ದು ಮಾಂಸ," ಅಂದಳು. "ತಿಂದು ಕೈ ತೊಳ್ಕೊಂಡ್ರು."

ಶುಕ್ರವಾರ ಚರ್ಚಿನ ನೆಲಮಾಳಿಗೆಯಲ್ಲಿ ಮೀನೂಟ. ಅಲ್ಲಿ ಚಾವಣಿ ರಿಪೇರಿಗೆಂದು ಲಾಟರಿ ಎತ್ತುತ್ತಾರೆ. ಆ ಸಲದ ಬಹುಮಾನ ಗೋಡೆಗೆ ನೇತುಹಾಕಿದ್ದ, ಮ್ಯಾಲರ್ಡ್ ಸಹಿ ಹಾಕಿದ ಆಟದ ಅಂಗಿ. ನಿಷೇಧವಾದ ಮೇಲೆ ಅವನ ಹೆಸರಿನ ಅಂಗಿ ಯಾವ ಅಂಗಡಿಯಲ್ಲೂ ಸಿಗದಷ್ಟು ಮಾರಾಟವಾಗಿತ್ತು. ನಾರ್ಬರ್ಟ್ ತಟ್ಟೆ ಹಿಡಿದು ಕೂತಲ್ಲಿಗೆ ಪಾದ್ರಿ ಫಾದರ್ ಮಿಲಾನ್ ಬಂದರು.

"ನಾರ್ಬರ್ಟ್, ನಿನ್ನ ಮನಸ್ಸು ಒಳ್ಳೇದು, ನಂಗೊತ್ತು. ಆದ್ರೆ ಊರಿನ ನೆಮ್ಮದೀನೂ ನೋಡ್ಬೇಕಲ್ವಾ ಮಗಾ?"

"ಫಾದರ್, ಆ ಹುಡುಗನ ಮಂಡಿ ಕಿತ್ತು ಬಂದಿದ್ದನ್ನ ನಾನು ಕೇಳಿಸ್ಕೊಂಡಿದ್ದೀನಿ."

"ಅದು ಆಟದ ಭಾಗ ಅಂತಾರಪ್ಪ."

"ಯಾರು ಅಂತಾರೆ? ಆ ಅಂಗಿ ಗೋಡೇಲಿ ನೇತು ಹಾಕಿದೋರಾ?"

ಫಾದರ್ ಮೀನಿನ ತಟ್ಟೆಗಳ ಕಡೆ ನೋಡುತ್ತ ಮುಂದಿನ ಮೇಜಿಗೆ ಹೋದರು. ನಾರ್ಬರ್ಟ್ ತಟ್ಟೆ ಬಿಟ್ಟು ಎದ್ದ.

ಮ್ಯಾಲರ್ಡ್ ಮೇಲ್ಮನವಿ ಹಾಕಿದ್ದ. ವಿಚಾರಣೆಗೆ ನಾರ್ಬರ್ಟ್ ನ್ಯೂಯಾರ್ಕಿನ ಲೀಗ್ ಕಚೇರಿಗೆ ಹೋಗಬೇಕಾಯಿತು. ತೀರ್ಪು ಕೊಡಬೇಕಾದವನು ಹಿಂದೆ ಕೋಚ್ ಆಗಿದ್ದ ಒಬ್ಬ ಮುದುಕ. ಅವನು ಮೊದಲು ಮ್ಯಾಲರ್ಡ್‌ನ ಅಪ್ಪನ ಆರೋಗ್ಯ ವಿಚಾರಿಸಿದನಂತೆ. ಆಮೇಲೆ ನಾರ್ಬರ್ಟ್‌ನ ಕಡೆ ತಿರುಗಿದನಂತೆ.

"ಅವನು ಬೇಕಂತಲೇ ಮಾಡಿದ ಅಂತೀರ. ಅವನ ಮನಸ್ಸು ನಿಮಗೆ ಕಾಣ್ತಾ?"

"ಮನಸ್ಸು ಕಾಣ್ಲಿಲ್ಲ ಸಾರ್. ಕೈ ಕಾಣ್ತು."

ಎಲ್ಲರೂ ನಕ್ಕರಂತೆ. ಮ್ಯಾಲರ್ಡ್ ಎಲ್ಲರಿಗಿಂತ ಜೋರಾಗಿ ನಕ್ಕನಂತೆ. ಉದ್ದೇಶ ಸಾಬೀತಾಗಿಲ್ಲ ಎಂದು ಆರು ಪಂದ್ಯ ಒಂದಕ್ಕೆ ಇಳಿಯಿತು. ಆ ಒಂದು ಆಗಲೇ ಮುಗಿದಿತ್ತು. ಊರಿಗೆ ಬಂದ ನಾರ್ಬರ್ಟ್ ನನಗೆ ಇದನ್ನು ಹೇಳುವಾಗ ಸಿಟ್ಟೂ ಮಾಡಿಕೊಳ್ಳಲಿಲ್ಲ. ಹಳಸಿದ್ದನ್ನು ಬಾಯಿಗೆ ಹಾಕಿಕೊಂಡವನ ಹಾಗೆ ಮುಖ ಮಾಡಿ, "ಹೋಗ್ಲಿ ಬಿಡು, ಸೋಪಿಲ್ಲದೆ ಕೈ ತೊಳ್ಯೋ ಜಾಗ ಅದು" ಅಂದ.

ತಂಡದವರು ಅವನ ಕೋಲು ಕಿತ್ತುಕೊಳ್ಳಲಿಲ್ಲ. ಕಿತ್ತುಕೊಂಡರೆ ಸೇಡು ತೀರಿಸಿಕೊಂಡರು ಎಂದು ಪತ್ರಿಕೆಯವರು ಬರೆದಾರೆಂಬ ಹೆದರಿಕೆ. ಹಾಗಾಗಿ ಮ್ಯಾಲರ್ಡ್ ಹಿಂತಿರುಗಿದ ಭಾನುವಾರ ನಾವಿಬ್ಬರೂ ಎಂದಿನಂತೆ ಅಂಚಿನಲ್ಲಿದ್ದೆವು. ಅವನು ಮೈದಾನಕ್ಕೆ ಬಂದಾಗ ಇಡೀ ಕ್ರೀಡಾಂಗಣ ಎದ್ದು ನಿಂತಿತು. ದೊಡ್ಡ ಪರದೆಯ ಮೇಲೆ ತಮಟೆಯ ಹಾಗೆ ಬಡಿಯುವ ಸಂಗೀತದ ಜೊತೆ ಅವನ ಹಳೆಯ ಹೊಡೆತಗಳನ್ನು ತೋರಿಸಿದರು. ನಾರ್ಬರ್ಟ್ ಕಾಣಿಸಿದ ಕೂಡಲೇ ಜನ ಊಳಿಟ್ಟರು. ಬಿಯರ್ ಲೋಟವೊಂದು ಬಂದು ಅವನ ಬೆನ್ನಿಗೆ ಬಡಿಯಿತು. ಅವನು ತಿರುಗಿ ನೋಡಲಿಲ್ಲ.

"ಹೋಗೋಣ್ವೇನೋ?" ಅಂದೆ.

"ಆಟ ಮುಗೀಲಿ," ಅಂದ. "ಅರ್ಧಕ್ಕೆ ಹೋದ್ರೆ ಓಡಿ ಹೋದ ಅಂತಾರೆ."

ಆಟ ಮುಗಿಯಲು ಇನ್ನೇನು ಸ್ವಲ್ಪ ಹೊತ್ತು ಇದ್ದಾಗ ಎದುರಾಳಿಗಳ ಕೊನೆಯ ಯತ್ನ. ಹತ್ತು ಗಜ ದಾಟಿದರೆ ಅವರು ಗೆಲ್ಲುವ ಹಾಗಿತ್ತು, ಇಲ್ಲದಿದ್ದರೆ ನಾವು. ಆಟಗಾರರು ರಾಶಿ ಬಿದ್ದರು, ರೆಫರಿ ನಮ್ಮ ಕಡೆ ಕೈ ಬೀಸಿದ. ನಾವು ಓಡಿದೆವು. ನಾನು ಹಿಂದಿನ ಕೋಲು ಊರಿದೆ. ನಾರ್ಬರ್ಟ್ ಸರಪಳಿಯನ್ನು ಬಿಗಿಯಾಗಿ ಎಳೆದು ಚೆಂಡಿನ ಪಕ್ಕ ತನ್ನ ಕೋಲು ನಿಲ್ಲಿಸಿದ. ಚೆಂಡಿಗೂ ಕೋಲಿಗೂ ನಡುವೆ ಒಂದು ಬೆರಳಿನಷ್ಟು ಹುಲ್ಲು ಕಾಣುತ್ತಿತ್ತು. ಅವರು ಮುಟ್ಟಿರಲಿಲ್ಲ. ನಾವು ಗೆದ್ದೆವು.

ಆಗ "ನಾರ್ಬ್! ನಾರ್ಬ್! ನಾರ್ಬ್!" ಎಂದು ಅದೇ ಜನ ಕೂಗತೊಡಗಿದರು. ಬಿಯರ್ ಎಸೆದವರು, ಇಲಿ ಬರೆದವರು, ಎಲ್ಲರೂ. ಅವನು ಮಾಡಿದ್ದು ಅಳತೆ, ಅಷ್ಟೇ. ಚೆಂಡು ಒಂದು ಬೆರಳು ಮುಂದೆ ಇದ್ದಿದ್ದರೆ ಅವನನ್ನು ಬಡಿಯುತ್ತಿದ್ದರೋ ಏನೋ. ಅಷ್ಟರಲ್ಲಿ ಮ್ಯಾಲರ್ಡ್ ಓಡಿ ಬಂದು ಅವನನ್ನು ಬಾಚಿ ತಬ್ಬಿಕೊಂಡ, ನೆಲದಿಂದ ಎತ್ತಿದ. ಕ್ಯಾಮೆರಾದವರು ಸುತ್ತುವರಿದರು.

"ನಮ್ಮ ಯಜಮಾನ! ನಂಗೆ ಯಾವ ಸಿಟ್ಟೂ ಇಲ್ಲಪ್ಪಾ, ಎಲ್ಲಾ ಮರ್ತೆ!" ಎಂದು ಕಿರುಚಿದ.

"ಇಳ್ಸೋ ನನ್ನ," ಅಂದ ನಾರ್ಬರ್ಟ್. ಅವನ ದನಿ ನನಗೆ ಮಾತ್ರ ಕೇಳಿಸಿರಬೇಕು. "ಮುಟ್ಬೇಡ, ಇಳ್ಸು!"

ಮರುದಿನದ ಪತ್ರಿಕೆಯಲ್ಲಿ ಆ ಚಿತ್ರ ಬಂತು. ಅಡಿಯಲ್ಲಿ 'ಮುನಿಸು ಮುಗಿಯಿತು' ಎಂದಿತ್ತು.

ನಾರ್ಬರ್ಟ್ ಅಂದು ಸರಪಳಿ ಸುತ್ತಿಟ್ಟ, ಕೋಲು ಒರೆಸಿದ, ಕೋಲು ಹಿಡಿದವರು ತೊಡುವ ಕಿತ್ತಳೆ ಅಂಗಿ ಮಡಚಿ ಲೂಮಿಸ್‌ನ ಮೇಜಿನ ಮೇಲಿಟ್ಟ. ಮನೆಗೆ ಬಂದು ತುಂಬಾ ಹೊತ್ತು ಸ್ನಾನ ಮಾಡಿದ ಎಂದು ಇರ್ಮಾ ಹೇಳಿದಳು. ಅಂದು ಅವನು ತೊಟ್ಟಿದ್ದ ಕೋಟನ್ನು ಒಗೆಯಲು ಹೋದರೆ, "ಬೇಡ, ಸುಡು" ಅಂದನಂತೆ.

ವಸಂತ ಕಾಲದಲ್ಲಿ ಅಂಗಡಿಗೆ ಟಿಬ್ಸ್ ಫೋನ್ ಮಾಡಿದ. ಅವನ ಮಂಡಿ ಮತ್ತೆ ಆಟಕ್ಕೆ ಒದಗುವಂತಿರಲಿಲ್ಲ. ನಾರ್ಬರ್ಟ್ ಸ್ಪೀಕರ್ ಹಾಕಿದ, ನಾನೂ ಕೇಳಿದೆ.

"ನಿಮ್ಗೆ ಥ್ಯಾಂಕ್ಸ್ ಹೇಳೋಣ ಅಂತ ಮಾಡ್ದೆ ಸಾರ್," ಅಂದ ಟಿಬ್ಸ್. "ಒಂದು ಹೇಳ್ಲಾ? ನಮ್ಮ ತಂಡದಲ್ಲೂ ಒಬ್ಬ ಇದ್ದಾನೆ, ಇಂಥವನೇ. ಹೋದ ವರ್ಷ ಒಬ್ಬನ ಮೊಣಕೈ ಮುರ್ದ. ಬಸ್ಸಲ್ಲಿ ನಾವೆಲ್ಲ ಅವನಿಗೆ ಚಪ್ಪಾಳೆ ಹೊಡೆದ್ವಿ. ನಾನೂ ಹೊಡ್ದೆ."

ನಾರ್ಬರ್ಟ್ ಹ್ಯಾಮರ್ಸ್ ಆಟ ನೋಡಲೆಂದು ಗೋಡೆಗೆ ಹಾಕಿದ್ದ ಟಿವಿಯ ಕಡೆ ತಿರುಗಿದ. ಟಿಬ್ಸ್ "ಸಾರ್? ಇದೀರಾ?" ಅಂದ.

"ಇದೀನಪ್ಪ. ಕಾಲು ನೋಡ್ಕೋ," ಎಂದು ಫೋನ್ ಇಟ್ಟ. ಆಮೇಲೆ ಗೋಡೆಯ ಟಿವಿಯ ವಯರು ಕಿತ್ತ. ಅದನ್ನು ಇಳಿಸಲು ನಾನು ಏಣಿ ಹಿಡಿದುಕೊಂಡೆ.

ಈಸ್ಟರ್ ಹತ್ತಿರ ಬಂತು. ಹೊಗೆ ಹಾಕಿದ ಸಾಸೇಜ್ ಇಲ್ಲದೆ ಹಬ್ಬ ಮಾಡಲು ಯಾರಿಗೂ ಮನಸ್ಸು ಬರಲಿಲ್ಲ. ಒಬ್ಬೊಬ್ಬರಾಗಿ ಬಂದರು, ಹವಾಮಾನದ ಮಾತಾಡಿದರು, ಮ್ಯಾಲರ್ಡ್ ಹೆಸರಿನ ಅಂಗಿ ಹಾಕಿಕೊಂಡೇ ಸಾಲಿನಲ್ಲಿ ನಿಂತರು. ನಾರ್ಬರ್ಟ್ ಹಿಂದೆಲ್ಲ ಪ್ರತಿಯೊಬ್ಬರ ಮನೆಮಂದಿಯನ್ನೂ ಹೆಸರು ಹಿಡಿದು ವಿಚಾರಿಸುತ್ತಿದ್ದ. ಈಗ ತೂಗುತ್ತಾನೆ, ಕಟ್ಟುತ್ತಾನೆ, ಮುಂದಿನವರ ಕಡೆ ನೋಡುತ್ತಾನೆ.